ಮಗುವಿನ ಸಂಘಜೀವನವೂ ತಾಯಿತಂದೆಗಳ ಮನಃಸ್ವಾಸ್ಥ್ಯವೂ

ಮನೆಯೇ ಮೊದಲ ಪಾಠಶಾಲೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಆ ಶಾಲೆಯ ಉಪಾಧ್ಯಾಯರ ಕ್ಷೇಮವನ್ನು ವಿಚಾರಿಸುವವರು ವಿರಳ. ಮಗು ಅತ್ತರೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ತಾಯಿ ಅತ್ತರೆ, “ಬಾಣಂತಿ ಅಳಬಾರದು” ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಎರಡು ಅಳುಗಳಿಗಿರುವ ಸಂಬಂಧವನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮಗುವು ನಾಲ್ಕು ಜನರೊಡನೆ ಬೆರೆತು ಬಾಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತದೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ವಿದುಷಿಯು ಶಿಶುವಿಹಾರದ ಮಕ್ಕಳ ಆಟವನ್ನು ಗಮನಿಸಿ, 1932ರಲ್ಲಿ ಈ ಮೆಟ್ಟಿಲುಗಳನ್ನು ವಿವರಿಸಿದರು. ಚಿಕ್ಕ ಮಗು ಒಂಟಿಯಾಗಿ ಆಡುತ್ತದೆ. ಇತರರ ಆಟವನ್ನು ನಿಂತು ನೋಡುತ್ತದೆ. ಬಳಿಕ ಅವರ ಪಕ್ಕದಲ್ಲಿ ಕುಳಿತು ತನ್ನ ಪಾಡಿಗೆ ತಾನು ಆಡುತ್ತದೆ. ಆಮೇಲೆ ಸಾಮಾನುಗಳನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಕೊನೆಗೆ ಎಲ್ಲರೂ ಒಪ್ಪಿದ ನಿಯಮಕ್ಕೆ ಒಳಪಟ್ಟು ಆಡುತ್ತದೆ. ನಮ್ಮ ಕಣ್ಣಾಮುಚ್ಚಾಲೆ, ಲಗೋರಿಗಳು ಈ ಕೊನೆಯ ಮೆಟ್ಟಿಲಿಗೆ ಸೇರಿದವು. ಸರದಿ ಕಾಯುವುದು, ಸೋತಾಗ ಸಹಿಸುವುದು, ಮೋಸಮಾಡಿದವನನ್ನು ತಡೆಯುವುದು ಇವೆಲ್ಲವನ್ನೂ ಬೀದಿಯ ಮಕ್ಕಳು ಪುಸ್ತಕವಿಲ್ಲದೆಯೇ ಕಲಿಯುತ್ತಾರೆ.

ಆದರೆ ಈ ಕಲಿಕೆಯ ಬೇರು ಬೀದಿಯಲ್ಲಿಲ್ಲ, ತಾಯಿಯ ಮಡಿಲಲ್ಲಿದೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗವನ್ನು ನಡೆಸಿದರು. ಮಗುವಿನೊಡನೆ ನಗುತ್ತ ಆಡುತ್ತಿದ್ದ ತಾಯಿಯು ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನಿರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ. ತಾಯಿ ಮತ್ತೆ ನಕ್ಕು ಮಾತನಾಡಿಸಿದರೆ ಕ್ರಮೇಣ ಸಮಾಧಾನ ಹೊಂದುತ್ತದೆ. ಕೆಲವು ನಿಮಿಷಗಳ ಮೌನವೇ ಹೀಗಾದರೆ, ತಿಂಗಳುಗಟ್ಟಲೆ ನಗಲಾರದ ತಾಯಿಯ ಮಗುವಿನ ಗತಿಯೇನು?

ಇಂತಹ ತಾಯಂದಿರು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಜಗತ್ತಿನಲ್ಲಿ ಹೊಸದಾಗಿ ಹೆತ್ತ ನೂರು ಮಂದಿಯಲ್ಲಿ ಸುಮಾರು 13 ಮಂದಿಗೆ ಮಾನಸಿಕ ಅಸ್ವಸ್ಥತೆ, ಮುಖ್ಯವಾಗಿ ಖಿನ್ನತೆ, ಉಂಟಾಗುತ್ತದೆ. ಬಡ ದೇಶಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾಣುವ ಅಳು, ಬೇಸರಗಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾವಾಗಿಯೇ ಕಳೆಯುತ್ತವೆ. ಹಾಗೆ ಕಳೆಯದೆ, ನಿದ್ರೆ, ಹಸಿವು, ಆಸಕ್ತಿಗಳು ಬತ್ತಿಹೋದರೆ ಅದು ಕಾಯಿಲೆ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ನಮ್ಮ ಹಳ್ಳಿಗಳಲ್ಲಿಯಾದರೋ ಅದನ್ನು ಸೋಮಾರಿತನವೆನ್ನುತ್ತಾರೆ, ಇಲ್ಲವೆ ಗಾಳಿ ಸೋಂಕಿತೆನ್ನುತ್ತಾರೆ. ಜ್ವರ ಬಂದವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಮನೆಯವರೇ ಮನಸ್ಸು ಕುಗ್ಗಿದವಳಿಗೆ ಬುದ್ಧಿವಾದ ಹೇಳುತ್ತಾರೆ.

ತಂದೆಯನ್ನೂ ಮರೆಯಲಾಗದು. ಸಾಲ, ಮಳೆಯ ಅಭಾವ, ಕೂಲಿಯ ಅನಿಶ್ಚಿತತೆಗಳು ಅವನ ಮನಸ್ಸನ್ನೂ ಹಿಂಡುತ್ತವೆ. ಗಂಡಸು ಕಣ್ಣೀರಿಡಬಾರದೆಂಬ ಕಟ್ಟಳೆಯಿಂದ ಆ ದುಃಖವು ಕೋಪವಾಗಿಯೋ ಕುಡಿತವಾಗಿಯೋ ಹೊರಬೀಳುವುದುಂಟು. ಅದರ ಮೊದಲ ಪೆಟ್ಟು ಮಕ್ಕಳಿಗೇ.

ಪರಿಹಾರವೇನು? ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಮ್ಮ ಪದ್ಧತಿಯಲ್ಲಿ ವಿಶ್ರಾಂತಿಯೂ ಇದೆ, ಮನಸ್ಸು ಬಿಚ್ಚಿ ಮಾತನಾಡಲು ಜನರೂ ಇದ್ದಾರೆ. ಗಂಡನ ಮನೆಗೆ ಹಿಂತಿರುಗಿದ ಮೇಲೂ ಆ ಆಸರೆ ಮುಂದುವರಿಯಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಊರೂರಿಗೆ ಅಂಗನವಾಡಿ ಬಂದಿತು. ಅಲ್ಲಿ ಮಗುವಿಗೆ ಊಟ, ಆಟ, ಜೊತೆಗಾರರು ದೊರೆಯುವಂತೆಯೇ ತಾಯಿಗೂ ಕೆಲವು ಗಂಟೆಗಳ ಬಿಡುವು ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಆದರೆ ಸಂಖ್ಯೆಯನ್ನು ತಿಳಿದವರು ತಿಳಿಯದವರಿಗೆ ಹೇಳಬೇಕಲ್ಲವೆ? ನಮ್ಮಲ್ಲಿ ಅನೇಕರು ನಮ್ಮ ನಮ್ಮ ಮನೆತನಗಳಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಆಸ್ಪತ್ರೆಯ ಚೀಟಿಯನ್ನೂ ಸರಕಾರದ ಕಾಗದವನ್ನೂ ಓದಿಹೇಳಲು ನೆರೆಹೊರೆಯವರು ನಮ್ಮ ಬಳಿಗೇ ಬರುತ್ತಾರೆ. ಹಾಗೆ ಬಂದ ಮನೆಯಲ್ಲಿ ಮಂಕಾಗಿ ಕುಳಿತ ತಾಯಿಯೊಬ್ಬಳು ಕಂಡರೆ, “ಮಗು ಹೇಗಿದೆ?” ಎಂದು ಕೇಳಿದ ಮೇಲೆ, “ನೀವು ಹೇಗಿದ್ದೀರಿ, ಅಕ್ಕಾ?” ಎಂದೂ ಕೇಳೋಣ, ಅವಳು ಹೇಳುವುದನ್ನು ತಾಳ್ಮೆಯಿಂದ ಆಲಿಸೋಣ. ನಾವು ಪಡೆದ ವಿದ್ಯೆಯ ಋಣವನ್ನು ತೀರಿಸಲು ಇದೂ ಒಂದು ದಾರಿ.