ಕುಡಿಯದವರಿಗೂ ಲಿವರ್ ಕಾಯಿಲೆ: ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಯಾಕೆ?



ಲಿವರ್ ಹಾಳಾಗಿದೆ ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು, "ಕುಡೀತಿದ್ರಾ?" ಒಂದು ತೊಟ್ಟು ಹೆಂಡ ಮುಟ್ಟದ ಹೆಂಗಸರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೇ ಎಷ್ಟೋ ಮಂದಿ ತಮ್ಮ ಕಾಯಿಲೆಯನ್ನು ಸಂಘದಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಸಲ ಅಂಥ ಕಾಯಿಲೆಯೊಂದರ ಬಗ್ಗೆ ತಿಳಿಯೋಣ.

ರೋಗಾಣುಗಳ ವಿರುದ್ಧ ಹೋರಾಡುವ ಶಕ್ತಿ ನಮ್ಮ ಮೈಯಲ್ಲೇ ಇದೆ. ಕೆಲವರಲ್ಲಿ ಈ ಶಕ್ತಿ ದಾರಿ ತಪ್ಪಿ ತನ್ನದೇ ಲಿವರ್ ಮೇಲೆ ಬೀಳುತ್ತದೆ. ಇದಕ್ಕೆ ಆಟೋಇಮ್ಯೂನ್ ಹೆಪಟೈಟಿಸ್ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲೇ ಇದು ಬಹಳ ಹೆಚ್ಚು. ಲಿವರ್ ಒಳಗಿನ ಪಿತ್ತನಾಳಗಳನ್ನು ಕೆಡಿಸುವ ಪಿ.ಬಿ.ಸಿ. ಎಂಬ ಇನ್ನೊಂದು ಬಗೆಯಲ್ಲಂತೂ ರೋಗಿಗಳಲ್ಲಿ ಬಹುಪಾಲು ನಡುವಯಸ್ಸಿನ ಹೆಂಗಸರೇ. ಮೈಯೆಲ್ಲ ತುರಿಕೆ, ಎಷ್ಟು ಮಲಗಿದರೂ ಹೋಗದ ಸುಸ್ತು ಅದರ ಗುರುತು. ಎರಡೂ ಅಂಟುರೋಗವಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ವರ್ಷಗಟ್ಟಲೆ ಗಾಯವಾಗಿ, ಮಾಗಿ, ಮತ್ತೆ ಗಾಯವಾದರೆ ಮೆತ್ತಗಿರಬೇಕಾದ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಸತ್ತ ಜೀವಕೋಶಗಳ ಜಾಗದಲ್ಲಿ ಹೊಸದು ಹುಟ್ಟುತ್ತಲೇ ಇರುವಾಗ ಯಾವುದೋ ಒಂದು ಕೆಟ್ಟು ಕ್ಯಾನ್ಸರ್ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಆಟೋಇಮ್ಯೂನ್ ಹೆಪಟೈಟಿಸ್‌ನಿಂದ ಸಿರೋಸಿಸ್ ಆದವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಸಿರೋಸಿಸ್ ಆಗದವರಲ್ಲಿ ಇದು ತೀರಾ ಕಡಿಮೆ. ಆದ್ದರಿಂದ "ನನಗೆ ಸಿರೋಸಿಸ್ ಆಗಿದೆಯಾ?" ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಲೇಬೇಕು.

ಆಗಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಬೇಕು. ಜೊತೆಗೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆಯನ್ನೂ ಬರೆದುಕೊಡುವುದುಂಟು. ಇಲ್ಲೇ ನಮ್ಮವರು ಎಡವುವುದು. ಮಾತ್ರೆ ತಿಂದು ಕಣ್ಣಿನ ಹಳದಿ ಹೋಯಿತು, ಗದ್ದೆ ಕೆಲಸಕ್ಕೂ ಹೋಗಲಿಕ್ಕಾಗ್ತದೆ, ಮತ್ಯಾಕೆ ಸ್ಕ್ಯಾನಿಂಗ್‌ಗೆ ದುಡ್ಡು ಹಾಕೋದು ಅಂತ. ಆದರೆ ಸಣ್ಣ ಗಡ್ಡೆಗೆ ನೋವೂ ಇಲ್ಲ, ಜ್ವರವೂ ಇಲ್ಲ. ಎರಡು ಮೂರು ಸೆಂಟಿಮೀಟರ್ ಇರುವಾಗ ಸಿಕ್ಕಿದರೆ ಕತ್ತರಿಸಿ ತೆಗೆಯಬಹುದು, ಸೂಜಿ ಹಾಕಿ ಸುಡಬಹುದು. ಕೆಲವರಿಗೆ ಲಿವರ್ ಕಸಿಯೂ ಆಗುತ್ತದೆ. ಹೊಟ್ಟೆ ಉಬ್ಬಿ, ತೂಕ ಇಳಿದ ಮೇಲೆ ಹೋದರೆ ಈ ದಾರಿಗಳು ಹೆಚ್ಚಾಗಿ ಮುಚ್ಚಿರುತ್ತವೆ.

ಮಾತ್ರೆಯ ವಿಷಯವೂ ಅಷ್ಟೇ. ಪ್ರೆಡ್ನಿಸೊಲೋನ್, ಅಝಥಯೋಪ್ರಿನ್ ಮಾತ್ರೆಗಳನ್ನು ಗುಣವಾಯಿತೆಂದು ತಾವೇ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮರಳುತ್ತದೆ. ಮುಖ ಊದುತ್ತದೆ ಎಂಬ ಬೇಸರ ನಿಜವೇ. ಅದನ್ನು ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸುವ ದಾರಿ ನೋಡುತ್ತಾರೆ.

ಇನ್ನು ಕಾಮಾಲೆಗೆ ನಾಟಿ ಮದ್ದು. 2021ರಲ್ಲಿ ಮುಂಬಯಿಯ ವೈದ್ಯರು, ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಏಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಈ ಕಾಯಿಲೆ ಇರುವವರು ಯಾವ ಕಷಾಯವನ್ನೂ ತಮ್ಮ ಡಾಕ್ಟರನ್ನು ಕೇಳದೆ ಕುಡಿಯುವುದು ಬೇಡ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದೂ ವಿಚಾರಿಸಿಕೊಳ್ಳಿ; ಆ ಸೋಂಕೂ ಸೇರಿಕೊಂಡರೆ ಕ್ಯಾನ್ಸರಿನ ಅಪಾಯ ಏರುತ್ತದೆ.

ಸ್ಕ್ಯಾನಿಂಗ್ ಖರ್ಚಿಗೆ ಸಂಘದ ಆಂತರಿಕ ಸಾಲ ಕೇಳಲು ನಾಚಿಕೆ ಬೇಡ. ಮಗಳ ಮದುವೆಗೆ ಕೊಡುವ ನಾವು ಇದಕ್ಕೂ ಕೊಡಬಹುದು. ಮುಂದಿನ ತಾರೀಕನ್ನು ಉಳಿತಾಯದ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಹಳೆಯ ರಿಪೋರ್ಟುಗಳನ್ನು ಒಲೆಗೆ ಹಾಕಬೇಡಿ; ಹೊಸದರ ಪಕ್ಕದಲ್ಲಿ ಇಟ್ಟು ನೋಡಲು ಡಾಕ್ಟರಿಗೆ ಅವು ಬೇಕು.