ಕೆಲಸದ ನಡುವಿನ ಬಿಡುವು: ಕಾನೂನು ಏನು ಹೇಳುತ್ತದೆ?

ರಂಜಾನ್ ತಿಂಗಳ ಕೊನೆಯ ವಾರ ಮಾನ್ವಿಯ ಬಟ್ಟೆ ಅಂಗಡಿಗಳು ರಾತ್ರಿ ಬಹಳ ಹೊತ್ತಿನವರೆಗೆ ತೆರೆದಿರುತ್ತವೆ. ದೀಪಾವಳಿಯಲ್ಲೂ ಹಾಗೆಯೇ. ಆಗ ಗಿರಾಕಿಗಳಿಗೆ ಸೀರೆ, ಷರ್ಟು ಹರವಿ ತೋರಿಸುವವರಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಹಕ್ಕುಗಳ ಪಾಠ ಮಾಡುವಾಗ ಒಬ್ಬನನ್ನು ಕೇಳಿದೆ, ಊಟಕ್ಕೆ ಬಿಡುತ್ತಾರೇನಪ್ಪ ಎಂದು. "ಬಿಡ್ತಾರ್ರಿ ಸರ್, ಆದ್ರ ಗಿರಾಕಿ ಬಂದ್ರ ಅರ್ಧಕ್ಕ ಏಳಬೇಕ್ರಿ" ಎಂದ. ಎಲ್ಲರೂ ನಕ್ಕರು. ಆದರೆ ಅರ್ಧಕ್ಕೆ ಏಳಬೇಕಾದ ಊಟ ಕಾನೂನಿನ ಅರ್ಥದಲ್ಲಿ ಬಿಡುವೇ ಅಲ್ಲ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಐದು ಗಂಟೆ ಕೆಲಸ ಮಾಡಿದ ನೌಕರನಿಗೆ ಕನಿಷ್ಠ ಒಂದು ಗಂಟೆ ವಿಶ್ರಾಂತಿ ಕೊಡದೆ ಮುಂದೆ ದುಡಿಸುವಂತಿಲ್ಲ. ಇನ್ನೊಂದು ಮಿತಿಯೂ ಇದೆ. ಬೆಳಿಗ್ಗೆ ಒಳಗೆ ಕಾಲಿಟ್ಟ ಹೊತ್ತಿನಿಂದ ಕೊನೆಗೆ ಹೊರಬೀಳುವವರೆಗೆ, ಬಿಡುವೂ ಸೇರಿ, 12 ಗಂಟೆ ಮೀರಬಾರದು. ಈ ಎರಡನೆಯದು ಏಕೆ ಬೇಕು? ಇಲ್ಲದಿದ್ದರೆ ಮಧ್ಯಾಹ್ನ ನಾಲ್ಕು ತಾಸು ಮನೆಗೆ ಕಳಿಸಿ, ಮತ್ತೆ ರಾತ್ರಿ ಹನ್ನೊಂದರವರೆಗೆ ನಿಲ್ಲಿಸಿಕೊಂಡು "ಒಂಬತ್ತೇ ಗಂಟೆ ದುಡಿಸಿದ್ದೇವೆ" ಎಂದು ಲೆಕ್ಕ ತೋರಿಸಬಹುದಿತ್ತು.

ಈ ಬಿಡುವನ್ನು ಯಾರೂ ದಯೆಯಿಂದ ಕೊಡಲಿಲ್ಲ. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸೇರಿ ಕೇಳಿದ್ದು ವಾರಕ್ಕೊಂದು ರಜೆ ಮತ್ತು ಮಧ್ಯಾಹ್ನ ಅರ್ಧ ಗಂಟೆ. ಬರೀ ಅರ್ಧ ಗಂಟೆ! ಅದು ಕಾಯ್ದೆಯಲ್ಲಿ ಬರಲು 1891 ಆಯಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ ಇದ್ದದ್ದೂ ಅದೇ: ಐದು ಗಂಟೆಗೆ ಅರ್ಧ ಗಂಟೆ.

ಇಲ್ಲಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರು ನೆನಪಿಸಿಕೊಳ್ಳಿ. ನಡುರಾತ್ರಿ ಡಾಬಾ ಮುಂದೆ ಬಸ್ಸು ನಿಂತರೆ ನಾವು ಗೊಣಗುತ್ತೇವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೂ ಐದು ಗಂಟೆಗೆ ಅರ್ಧ ಗಂಟೆ ಬಿಡುವು, ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಸತತ ಒಂಬತ್ತು ಗಂಟೆ ವಿಶ್ರಾಂತಿ ಎಂದು ಬರೆದಿತ್ತು. ರಾತ್ರಿ ಎರಡರಿಂದ ಐದರ ನಡುವೆ ದೇಹ ನಿದ್ದೆಯನ್ನು ಜೋರಾಗಿ ಕೇಳುತ್ತದೆ. ಚಹಾ ಕುಡಿದು ಅದನ್ನು ಸ್ವಲ್ಪ ಹೊತ್ತು ಮುಂದೂಡಬಹುದು, ಅಷ್ಟೇ. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿಯಂಥ ಕಡೆ ಪಾಳಿಯಲ್ಲಿ ದುಡಿಯುವವರನ್ನು ಕೇಳಿ ನೋಡಿ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈಗ ಕಾನೂನು ಬದಲಾಗುತ್ತಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕನ ಲಿಖಿತ ಒಪ್ಪಿಗೆ ಇದ್ದರೆ ಬಿಡುವು ಸೇರಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಕೇಂದ್ರದ ಹೊಸ ಸಂಹಿತೆ ದಿನಕ್ಕೆ 8 ಗಂಟೆ ಎನ್ನುತ್ತದೆ, ಆದರೆ ಬಿಡುವು ಎಷ್ಟೆಂಬುದನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ನನಗಿದು ಸರಿ ಕಾಣುವುದಿಲ್ಲ. ಕಾಯ್ದೆ ಬದಲಿಸಲು ಸದನದಲ್ಲಿ ಚರ್ಚೆಯಾಗಬೇಕು. ಅಧಿಸೂಚನೆ ಬದಲಾದದ್ದು ಎಷ್ಟೋ ಸಲ ದುಡಿಯುವವನಿಗೆ ಗೊತ್ತೇ ಆಗುವುದಿಲ್ಲ.

ನಿಮಗೆ ನೇರವಾಗಿ ಸಂಬಂಧಿಸಿದ್ದು ಬೇರೆಯೇ ಇದೆ. ಪಿಯು ವಿದ್ಯಾರ್ಥಿಗಳಲ್ಲಿ ಬಹುತೇಕರು 18 ತುಂಬದವರು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14ರಿಂದ 18ರ ವಯಸ್ಸಿನವರು ಅದರಲ್ಲಿ 'ಕಿಶೋರರು'. ಅಪಾಯದ ಕೆಲಸ ಅವರಿಗೆ ಪೂರ್ತಿ ನಿಷಿದ್ಧ. ಉಳಿದ ಕೆಲಸದಲ್ಲೂ ಮೂರು ಗಂಟೆಯಾದೊಡನೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ಆ ವಿಶ್ರಾಂತಿ, ಕೆಲಸಕ್ಕಾಗಿ ಕಾದು ಕೂತ ಹೊತ್ತು ಎಲ್ಲ ಸೇರಿ ಆರು ಗಂಟೆ ದಾಟಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ಓವರ್‌ಟೈಮ್ ಕೂಡ ಇಲ್ಲ. ನಿಮ್ಮ ಇಷ್ಟದಿಂದಲೇ ಹೋದರೂ ಈ ನಿಯಮ ಸಡಿಲವಾಗುವುದಿಲ್ಲ. ದೂರು ಹೇಳಬೇಕೆಂದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿದ್ದಾರೆ, ಮಕ್ಕಳ ಸಹಾಯವಾಣಿ 1098 ಇದೆ. ಮೊದಲು ಬಂದ ಹೊತ್ತು, ಹೋದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಈ ಲೆಕ್ಕಕ್ಕೆ ಸುಲಭವಾಗಿ ಸಿಗದವರೂ ನಮ್ಮೂರಲ್ಲಿದ್ದಾರೆ. ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವ ಹಮಾಲರು ಅರ್ಧ ಗಂಟೆ ಕೂತರೆ ಅಷ್ಟು ಚೀಲದ ಕೂಲಿ ಹೋಯಿತು.

ಮುಂದಿನ ತರಗತಿಗೆ ಒಂದು ಲೆಕ್ಕ ಬಿಡಿಸಿಕೊಂಡು ಬನ್ನಿ: 17 ವರ್ಷದ ಹುಡುಗ ಕಾಲೇಜು ಮುಗಿಸಿ ಸಂಜೆ 5ಕ್ಕೆ ಅಂಗಡಿಗೆ ಹೋಗಿ, ನಡುವೆ ಹತ್ತು ನಿಮಿಷ ಚಹಾಕ್ಕೆ ಬಿಟ್ಟು, ರಾತ್ರಿ 10ರವರೆಗೆ ಕೆಲಸ ಮಾಡುತ್ತಾನೆ. ಇಲ್ಲಿ ಯಾವ ಯಾವ ನಿಯಮ ಮುರಿದಿದೆ?