ಹಾರ್ಟ್ ಸರ್ಜನ್ ಆಗಬೇಕೆನ್ನುವ ನಮ್ಮೂರ ಹುಡುಗಿಗೆ

ಕಬ್ಬೂರಿನ ಪ್ರೀತಿಯ ತಂಗಿಗೆ,


ಪಿಯುಸಿ ಸೈನ್ಸ್ ತಗೊಂಡು ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿಬಂದು ಓದುತ್ತಿದ್ದೀ, ಹಾರ್ಟ್ ಸರ್ಜನ್ ಆಗಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದೀ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ನಾನು ಡಾಕ್ಟರಲ್ಲ, ಹೃದಯದ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಸರ್ಜನ್ನರ ಎದುರು ನಿಂತು ಅವರ ಕೈಗೆ ಕತ್ತರಿ, ಚಿಮ್ಮಟ, ಸೂಜಿ ಕೊಟ್ಟವಳು. ಆ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತೇನೆ. ನಿನ್ನ ಹಾಗೇ ಆಸೆ ಇಟ್ಟುಕೊಂಡ ಬೇರೆ ಮಕ್ಕಳೂ ಓದಲಿ.

ಮೊದಲು ವರ್ಷಗಳ ಲೆಕ್ಕ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಜನರಲ್ ಸರ್ಜರಿಯಲ್ಲಿ ಎಂ.ಎಸ್.ಗೆ 3 ವರ್ಷ. ಅದರ ಮೇಲೆ ಹೃದಯ ಶಸ್ತ್ರಚಿಕಿತ್ಸೆಯ ಎಂ.ಸಿಎಚ್.ಗೆ ಮತ್ತೆ 3. ಪ್ರತಿ ಮೆಟ್ಟಿಲಿಗೂ ಒಂದೊಂದು ಪ್ರವೇಶ ಪರೀಕ್ಷೆ. ಎಲ್ಲಿಯೂ ಮುಗ್ಗರಿಸದೆ ಹತ್ತಿದರೂ ಅಷ್ಟರಲ್ಲಿ ನಿನಗೆ 30 ವರ್ಷ ಹತ್ತಿರವಾಗಿರುತ್ತದೆ. ಆಮೇಲೂ ಹಲವು ವರ್ಷ ಹಿರಿಯರ ಕೈಕೆಳಗೆ ಪಳಗಬೇಕು. ಈ ನಡುವೆ ಮನೆಯಲ್ಲಿ ಮದುವೆ ಮಾತು ಬಂದೇ ಬರುತ್ತದೆ. ಆಗ ಅತ್ತು ಕರೆದು ಜಗಳ ಮಾಡುವುದಕ್ಕಿಂತ, ಈಗಲೇ ಅಪ್ಪ ಅವ್ವನನ್ನು ಕೂರಿಸಿಕೊಂಡು ಈ ಲೆಕ್ಕವನ್ನು ಬಿಡಿಸಿ ಹೇಳು.

ಕನ್ನಡ ಶಾಲೆಯಲ್ಲಿ ಓದಿದವಳು ಎಂದು ಅಳುಕಬೇಡ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸರ್ಕಾರಿ ಕೋಟಾದಲ್ಲಿ ಶೇ. 5ರಷ್ಟು ಮೀಸಲಾತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಶಾಲೆಯಿಂದ ಮೊದಲೇ ಮಾಡಿಸಿಟ್ಟುಕೊ. ಬೆಳಗಾವಿಯಲ್ಲೇ ಸರ್ಕಾರದ ಬಿಮ್ಸ್ ಇದೆ, 1963ರಲ್ಲಿ ಶುರುವಾದ ಕೆಎಲ್‌ಇಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇವತ್ತಿನಿಂದಲೇ ಜೀವಶಾಸ್ತ್ರವನ್ನು ಎರಡೂ ಭಾಷೆಯಲ್ಲಿ ಓದುವ ರೂಢಿ ಮಾಡಿಕೊ.

ಇನ್ನು ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ತೊಡೆಯಿಂದಲೋ ಕೈಯಿಂದಲೋ ಕೊಳವೆ ತೂರಿಸಿ ಸ್ಟೆಂಟ್ ಹಾಕುವವರು ಹೃದ್ರೋಗ ತಜ್ಞರು. ಎದೆ ತೆರೆಯುವವರು ಸರ್ಜನ್. ಬೈಪಾಸ್ ಎಂದರೆ, ಹೂಳು ತುಂಬಿದ ಕಾಲುವೆಯ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ನೀರು ಹರಿಸಿದ ಹಾಗೆ: ಕಾಲಿನ ರಕ್ತನಾಳವನ್ನೋ ಎದೆಯೊಳಗಿನ ನಾಳವನ್ನೋ ತಂದು ಅಡ್ಡಿಯ ಆಚೆಗೆ ಜೋಡಿಸುತ್ತಾರೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಶೀನು ಮಾಡುತ್ತದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಪೊಟ್ಯಾಶಿಯಂ ಬೆರೆಸಿದ ತಣ್ಣನೆಯ ದ್ರಾವಣ ಬಿಟ್ಟರೆ ಹೃದಯ ನಿಲ್ಲುತ್ತದೆ. ಒಂದೆರಡು ಮಿಲಿಮೀಟರ್ ಅಗಲದ ನಾಳಕ್ಕೆ, ಬರಿಗಣ್ಣಿಗೆ ಸರಿಯಾಗಿ ಕಾಣದ ದಾರದಿಂದ ಹೊಲಿಗೆ ಬೀಳುತ್ತದೆ. ಕ್ಲ್ಯಾಂಪ್ ತೆಗೆದ ಮೇಲೆ ರಕ್ತ ಹರಿದು ಹೃದಯ ತಾನಾಗಿ ಮಿಡಿಯುತ್ತದೆ. ಕೆಲವೊಮ್ಮೆ ಶಾಕ್ ಕೊಡಬೇಕಾಗುತ್ತದೆ.

ಎದೆಯ ಮೂಳೆಯನ್ನು ಉಕ್ಕಿನ ತಂತಿಯಿಂದ ಕಟ್ಟುವ ಮುಂಚೆ ನಾವು ಸಿಸ್ಟರುಗಳು ಬಟ್ಟೆ, ಸೂಜಿ ಎಲ್ಲವನ್ನೂ ಎಣಿಸಿ ಒಪ್ಪಿಸಬೇಕು. ಒಂದು ಸೂಜಿಯ ಲೆಕ್ಕ ತಪ್ಪಿದರೂ ಎದೆ ಮುಚ್ಚುವಂತಿಲ್ಲ. ತಾಸುಗಟ್ಟಲೆ ನಿಂತು ಸೋತ ಸರ್ಜನ್ ಆ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲಿ ಅವರ ಯೋಗ್ಯತೆ ತಿಳಿಯುತ್ತಿತ್ತು. ಒಳ್ಳೆಯವರು ಸಿಡುಕದೆ, ತಾವೂ ಬಗ್ಗಿ ಹುಡುಕುತ್ತಿದ್ದರು. ಅರಿವಳಿಕೆಯವರು, ಮಶೀನು ನಡೆಸುವವರು, ರಾತ್ರಿಯಿಡೀ ಐಸಿಯು ಕಾಯುವವರು ಇಲ್ಲದೆ ಯಾವ ಸರ್ಜನ್ನನೂ ಒಂದು ಜೀವ ಉಳಿಸಲಾರ. ಕಿರಿಯರು ಹೇಳಿದ್ದನ್ನು ಕೇಳಿಸಿಕೊಳ್ಳುವ ಗುಣವನ್ನು ಈಗಿನಿಂದಲೇ ರೂಢಿಸಿಕೊ.

ಆದರೆ ನನಗೆ ನಿನ್ನ ಹತ್ತಿರ ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ಕೈಚಳಕ ಎಷ್ಟೇ ಇರಲಿ, ಬಡವರು ಥಿಯೇಟರಿನ ಬಾಗಿಲಿಗೆ ಬರಲಾಗದಿದ್ದರೆ ಅದು ಅವರ ಪಾಲಿಗೆ ಇಲ್ಲದ ವಿದ್ಯೆ. ಇದನ್ನು ಅರಿತು ದುಡಿದವರ ಬದುಕನ್ನು ಓದು. ಡಾ. ದೇವಿಪ್ರಸಾದ್ ಶೆಟ್ಟಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರು. 1967ರಲ್ಲಿ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕಸಿ ಮಾಡಿದ ಸುದ್ದಿಯನ್ನು ಶಾಲೆಯಲ್ಲಿ ಕೇಳಿ, ಅವತ್ತೇ ಹೃದಯದ ಸರ್ಜನ್ ಆಗುವ ಮನಸ್ಸು ಮಾಡಿದವರು. ಮಂಗಳೂರಿನಲ್ಲಿ ಓದಿ, ಲಂಡನ್ನಿನಲ್ಲಿ ಪಳಗಿ, 1989ರಲ್ಲಿ ದೇಶಕ್ಕೆ ಮರಳಿ ಕೋಲ್ಕತ್ತದಲ್ಲಿ ಕೆಲಸ ಮಾಡಿದರು. ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯ ಕಟ್ಟಿದಾಗ ಅವರು ಹಿಡಿದ ದಾರಿ ಸರಳ: ಒಂದೇ ಸೂರಿನಡಿ ದಿನಕ್ಕೆ ಹತ್ತಾರು ಆಪರೇಷನ್ ನಡೆದರೆ ಮಶೀನು, ಥಿಯೇಟರುಗಳ ಖರ್ಚು ಹಂಚಿಹೋಗುತ್ತದೆ, ಸಾಮಾನು ಸಗಟಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೈಯೂ ಪಳಗುತ್ತದೆ.

ಖರ್ಚು ಇಳಿದರೆ ಸಾಲದು, ಅದು ಬಡವರ ಕೈಗೆ ಎಟುಕಬೇಕು. ನಮ್ಮ ಚಿಕ್ಕೋಡಿ ಕಡೆ ಸೊಸೈಟಿ ಗೊತ್ತಿಲ್ಲದ ರೈತರಿಲ್ಲ. 2003ರಲ್ಲಿ ಸರ್ಕಾರ ಡಾ. ಶೆಟ್ಟಿಯವರ ವಿಚಾರವನ್ನು ಹಿಡಿದು ಯಶಸ್ವಿನಿ ಯೋಜನೆ ತಂದಾಗ ಅದೇ ಸಹಕಾರ ಸಂಘಗಳ ಸದಸ್ಯರು ತಿಂಗಳಿಗೆ 5 ರೂಪಾಯಿ ಕಟ್ಟಿ ಆಪರೇಷನ್ನಿನ ಭದ್ರತೆ ಪಡೆದರು. 2018ರಲ್ಲಿ ನಿಂತಿದ್ದ ಯೋಜನೆ ಆಮೇಲೆ ಮತ್ತೆ ಜಾರಿಗೆ ಬಂದಿದೆ. ಹಾಗೆಯೇ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದ ಡಾ. ಎಂ.ಎಸ್. ವಲಿಯತ್ತಾನ್ ತಿರುವನಂತಪುರದಲ್ಲಿ ವರ್ಷಗಟ್ಟಲೆ ಸಂಶೋಧಕರ ಜೊತೆ ಕೂತು ದೇಶದಲ್ಲೇ ಕೃತಕ ಕವಾಟ ತಯಾರಿಸಿದರು. 1990ರಲ್ಲಿ ಅದನ್ನು ಮೊದಲ ಸಲ ರೋಗಿಯೊಬ್ಬರಿಗೆ ಕೂರಿಸಿದರು. ಹೊರದೇಶದ ಕವಾಟದ ಬೆಲೆ ತೆರಲಾಗದವರಿಗೆ ಅದರಿಂದ ಬದುಕು ಸಿಕ್ಕಿತು.

ಆ ಕವಾಟ ಯಾರಿಗೆ ಬೇಕಾಗುತ್ತದೆ ಗೊತ್ತೇ? ಬಹುಪಾಲು ನಮ್ಮಂಥ ಮನೆಯವರಿಗೆ. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಯಾರೂ ಗಮನ ಕೊಡುವುದಿಲ್ಲ. ಕೆಲವರಿಗೆ ಮುಂದೆ ಜ್ವರ ಬಂದು ಕೀಲು ಬಾಯುತ್ತವೆ, ಒಳಗೊಳಗೇ ಹೃದಯದ ಕವಾಟ ಕೆಡುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಬಸುರಾಗಿ ಏದುಸಿರು ಬಂದಾಗಲೇ ಅದು ಗೊತ್ತಾಗುವುದು. ಮೊದಲೇ ಪತ್ತೆಯಾಗಿ, 3 ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತಪ್ಪದೆ ತಗೊಂಡಿದ್ದರೆ ಅವರಲ್ಲಿ ಹಲವರಿಗೆ ಎದೆ ತೆರೆಸಿಕೊಳ್ಳುವ ಪಾಳಿ ಬರುತ್ತಿರಲಿಲ್ಲ.

ಆದ್ದರಿಂದ ತಂಗಿ, ದೊಡ್ಡ ಆಸ್ಪತ್ರೆಯ ಬೋರ್ಡಿನ ಮೇಲೆ ಹೆಸರು ಬರಲಿ ಎಂಬ ಒಂದೇ ಆಸೆಗೆ ಈ ದಾರಿ ಹಿಡಿಯಬೇಡ. ಅಷ್ಟು ವರ್ಷ ತಾಳಿಕೊಳ್ಳಲು ಆ ಆಸೆ ಸಾಲದು. ಈ ವಿದ್ಯೆ ನಮ್ಮವರಿಗೆ ಮುಟ್ಟಬೇಕು ಎಂಬ ಹಂಬಲವಿದ್ದರೆ ಗಟ್ಟಿಯಾಗಿ ಹಿಡಿ. ಸೀಟು ಸಿಗದೆ ಹೋದರೂ ಎದೆಗುಂದಬೇಡ: ಹೃದಯದ ಮಶೀನು ನಡೆಸುವ, ಅರಿವಳಿಕೆ ಕೊಡುವ, ಶುಶ್ರೂಷೆ ಮಾಡುವ ಕೈಗಳೂ ಅದೇ ಜೀವವನ್ನು ಉಳಿಸುತ್ತವೆ. ಸದ್ಯಕ್ಕೆ ಒಂದು ಕೆಲಸ ಮಾಡು. ಓಣಿಯಲ್ಲಿ ಯಾವ ಕೂಸಿಗಾದರೂ ಗಂಟಲು ನೋವಿನ ಬೆನ್ನಿಗೆ ಕೀಲು ಬಾತರೆ, ಅದರ ಅವ್ವನನ್ನು ಕರೆದುಕೊಂಡು ನೀನೇ ಸರ್ಕಾರಿ ಆಸ್ಪತ್ರೆಗೆ ಹೋಗು. ಅದಕ್ಕೆ ಯಾವ ಡಿಗ್ರಿಯೂ ಬೇಕಿಲ್ಲ.

ನಿನ್ನ ಶ್ರೇಯಸ್ಸು ಬಯಸುವ,
ನಿಮ್ಮೂರಿನ ಹಿರಿಯಕ್ಕ